ಪಾಪ್ ಬೇಕೋ, ಐಮ್ಯಾಪ್ ಬೇಕೋ? ಮೂಲಪ್ರತಿ ಎಲ್ಲಿರಬೇಕೆಂದು ಮೊದಲು ತೀರ್ಮಾನಿಸಿ

ಹೊಸ ಕಂಪ್ಯೂಟರ್ ತಂದು ಅದರಲ್ಲಿ ಇಮೇಲ್ ಜೋಡಿಸಲು ಕುಳಿತರೆ ಒಂದು ಪ್ರಶ್ನೆ ಬರುತ್ತದೆ: ಖಾತೆ ಪಾಪ್3 ಬಗೆಯದೋ, ಐಮ್ಯಾಪ್ ಬಗೆಯದೋ? ನಿಮ್ಮ ಮೇಲ್ ಬಂದು ಸೇರುವ ದೂರದ ಕಂಪ್ಯೂಟರಿನಿಂದ, ಅಂದರೆ ಸರ್ವರಿನಿಂದ, ಪತ್ರಗಳನ್ನು ನಿಮ್ಮ ಯಂತ್ರಕ್ಕೆ ತರುವ ಎರಡು ವಿಧಾನಗಳು ಇವು. ಫೋನಿನಲ್ಲಿ ಜಿಮೇಲ್ ಆ್ಯಪ್ ಒಂದನ್ನೇ ಬಳಸುವವರಿಗೆ ಈ ಪ್ರಶ್ನೆ ಎದುರಾಗುವುದಿಲ್ಲ. ಸ್ವಂತ ಡೊಮೈನ್ (ತಮ್ಮದೇ ಹೆಸರಿನ ಇಂಟರ್ನೆಟ್ ವಿಳಾಸ) ಇಟ್ಟುಕೊಂಡ ಅಂಗಡಿಯವರು, ಸಹಕಾರಿ ಸಂಘದವರು, ಶಾಲೆಯವರು, ಥಂಡರ್‌ಬರ್ಡ್ ಅಥವಾ ಔಟ್‌ಲುಕ್ ಎಂಬ ತಂತ್ರಾಂಶದಲ್ಲಿ ಮೇಲ್ ನೋಡುವವರು ಮಾತ್ರ ಉತ್ತರಿಸಲೇಬೇಕು. ಹೆಚ್ಚಿನವರು ಪರದೆಯಲ್ಲಿ ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗುತ್ತಾರೆ. ಒತ್ತಿದ್ದು ಏನೆಂದು ತಿಳಿಯುವುದು ವರ್ಷಗಳು ಕಳೆದು ಹಳೆಯ ಪತ್ರವೊಂದು ತುರ್ತಾಗಿ ಬೇಕಾದಾಗ.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕಡೆಯ ಕನ್ನಡ ಸಂಘಗಳು, ಅಚ್ಚುಕೂಟಗಳು, ಯಕ್ಷಗಾನ ಮಂಡಳಿಗಳು ಇವತ್ತು ನಡೆಯುತ್ತಿರುವುದೇ ಇಮೇಲಿನ ಮೇಲೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಳಿಸಿದ ಅನುದಾನದ ಅರ್ಜಿ, ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟ ಮನವಿ, ಅದಕ್ಕೆ ಮಲಯಾಳದಲ್ಲಿ ಬಂದ ಉತ್ತರ, ಆ ಉತ್ತರವನ್ನು ಕನ್ನಡದಲ್ಲಿ ಕೊಡಿ ಎಂದು ಮತ್ತೆ ಬರೆದ ಪತ್ರ ಎಲ್ಲವೂ ಅಲ್ಲೇ ಇವೆ. ಭಾಷಾ ಅಲ್ಪಸಂಖ್ಯಾತರಾಗಿ ನಮಗೆ ದಾಖಲೆಯೇ ಬಲ. ಯಾವ ತಾರೀಕಿಗೆ ಏನು ಕೇಳಿದೆವು, ಏನು ಉತ್ತರ ಬಂತು ಎಂದು ತೋರಿಸಲಾಗದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಈ ಆಯ್ಕೆಯನ್ನು ನಾನು ಬರೀ ತಾಂತ್ರಿಕ ವಿಷಯವೆಂದು ನೋಡುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಐಮ್ಯಾಪ್ ಸರಿ. ಪಾಪ್ ಸರಿಹೊಂದುವ ಜಾಗ ಕಡಿಮೆ, ಆದರೆ ಇದೆ. ಅಲ್ಲಿ ಅದು ನಿಜಕ್ಕೂ ಒಳ್ಳೆಯದು. ಎರಡರಲ್ಲಿ ಯಾವುದು ವೇಗ, ಯಾವುದು ಹೊಸದು ಎಂದು ಕೇಳುವುದಕ್ಕಿಂತ ನಿಮ್ಮ ಪತ್ರದ ಮೂಲಪ್ರತಿ ಎಲ್ಲಿ ಇರಬೇಕು ಎಂದು ಕೇಳಿಕೊಳ್ಳಿ. ಸರ್ವರಿನಲ್ಲೋ, ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲೋ? ಅದು ಇತ್ಯರ್ಥವಾದರೆ ಉಳಿದದ್ದು ತಾನಾಗಿ ಇತ್ಯರ್ಥವಾಗುತ್ತದೆ.

ಪಾಪ್ ಏನು ಮಾಡುತ್ತದೆ

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರಲ್ಲೇ ಪಾಪ್‌ನ ಮೊದಲ ಕರಡು ಬಂತು. ಮೂರನೆಯ ಆವೃತ್ತಿ 1988ರದು. ಇವತ್ತಿಗೂ ಚಾಲ್ತಿಯಲ್ಲಿರುವ ನಿಯಮಾವಳಿ 1996ರ ಮೇ ತಿಂಗಳಿನದು. ಆಗ ದೂರವಾಣಿ ತಂತಿಯ ಮೇಲೆ ನಿಮಿಷಕ್ಕಿಷ್ಟು ದುಡ್ಡು ಕೊಟ್ಟು ಸಂಪರ್ಕ ಪಡೆಯಬೇಕಿತ್ತು. ಸರ್ವರಿನಲ್ಲಿ ಜಾಗವೂ ಕಡಿಮೆ. ಬೇಗ ಒಳಹೊಕ್ಕು, ಬಂದದ್ದನ್ನೆಲ್ಲ ಇಳಿಸಿಕೊಂಡು, ಅಲ್ಲಿನ ಪ್ರತಿ ಅಳಿಸಿ, ಸಂಪರ್ಕ ಕಡಿದುಕೊಳ್ಳಬೇಕು. ಪಾಪ್ ರೂಪುಗೊಂಡದ್ದು ಇಷ್ಟು ಕೆಲಸಕ್ಕೇ.

ಅದರ ಸಂಭಾಷಣೆ ಎಷ್ಟು ಸರಳವೆಂದರೆ ಕಣ್ಣಾರೆ ನೋಡಿ ಅರ್ಥಮಾಡಿಕೊಳ್ಳಬಹುದು. ನಿಮ್ಮ ಯಂತ್ರ ‘ಯೂಸರ್’, ‘ಪಾಸ್’ ಎಂದು ಹೆಸರು, ಗುಪ್ತಪದ ಹೇಳುತ್ತದೆ. ‘ಸ್ಟ್ಯಾಟ್’ ಎಂದು ಕೇಳಿದರೆ ಎಷ್ಟು ಪತ್ರಗಳಿವೆ, ಒಟ್ಟು ಎಷ್ಟು ಬೈಟು ಎಂದು ಸರ್ವರ್ ತಿಳಿಸುತ್ತದೆ. ‘ರೆಟ್ರ್ 1’ ಎಂದರೆ ಒಂದನೆಯ ಪತ್ರ ತಲೆಯಿಂದ ಬುಡದವರೆಗೆ ಇಳಿಯುತ್ತದೆ. ‘ಡೆಲೆ 1’ ಎಂದರೆ ಅದನ್ನು ಅಳಿಸು ಎಂದು ಅರ್ಥ. ಆದರೆ ಆ ಕ್ಷಣ ಅದು ಅಳಿಯುವುದಿಲ್ಲ, ಅಳಿಸಬೇಕೆಂಬ ಗುರುತು ಮಾತ್ರ ಬೀಳುತ್ತದೆ. ಕೊನೆಗೆ ‘ಕ್ವಿಟ್’ ಎಂದು ಹೇಳಿ ಮರ್ಯಾದೆಯಿಂದ ಹೊರಬಂದಾಗಲೇ ಗುರುತು ಬಿದ್ದವೆಲ್ಲ ಸರ್ವರಿನಿಂದ ಹೋಗುತ್ತವೆ.

ಈ ಕೊನೆಯ ನಿಯಮ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಜುಲೈ ತಿಂಗಳಲ್ಲಿ ಪೆರ್ಲದಲ್ಲೋ ಆದೂರಿನಲ್ಲೋ ಮೇಲ್ ಇಳಿಯುತ್ತಿರುವಾಗಲೇ ಕರೆಂಟು ಹೋಯಿತೆನ್ನಿ. ‘ಕ್ವಿಟ್’ ತಲುಪಲಿಲ್ಲ, ಆದ್ದರಿಂದ ಸರ್ವರಿನಲ್ಲಿ ಒಂದು ಪತ್ರವೂ ಅಳಿದಿಲ್ಲ. ಕರೆಂಟು ಬಂದ ಮೇಲೆ ಮತ್ತೆ ಇಳಿಸಿಕೊಂಡರಾಯಿತು. ಹಾಗೆ ಮತ್ತೆ ಇಳಿಸುವಾಗ ಒಂದೇ ಪತ್ರ ಎರಡು ಸಲ ಬಾರದಿರಲೆಂದು ಪ್ರತಿ ಪತ್ರಕ್ಕೂ ಸರ್ವರ್ ಒಂದು ಗುರುತುಸಂಖ್ಯೆ ಕೊಡುತ್ತದೆ. ಇಳಿದವುಗಳ ಪಟ್ಟಿಯನ್ನು ನಿಮ್ಮ ತಂತ್ರಾಂಶ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿ ಹಾಳಾದರೆ ಇನ್‌ಬಾಕ್ಸ್‌ನಲ್ಲಿ ಎಲ್ಲವೂ ಜೋಡಿ ಜೋಡಿಯಾಗಿ ಕಾಣುತ್ತವೆ. ಕಂಡವರು ವೈರಸ್ ಎಂದು ಹೆದರುತ್ತಾರೆ. ವೈರಸ್ ಅಲ್ಲ, ಪಟ್ಟಿ ಕಳೆದುಹೋಗಿದೆ ಅಷ್ಟೆ.

ಪಾಪ್‌ನ ತೊಂದರೆ ಬೇರೆ ಕಡೆ ಇದೆ. ಅದಕ್ಕೆ ಗೊತ್ತಿರುವುದು ಇನ್‌ಬಾಕ್ಸ್ ಒಂದೇ. ನೀವು ಕಳಿಸಿದ ಪತ್ರಗಳು ಯಾವ ಯಂತ್ರದಿಂದ ಕಳಿಸಿದಿರೋ ಆ ಯಂತ್ರದಲ್ಲೇ ಉಳಿಯುತ್ತವೆ. ಸರ್ವರಿನ ಸ್ಪ್ಯಾಮ್ ಕಡತಕ್ಕೆ (ಬೇಡದ ಪತ್ರಗಳ ಫೋಲ್ಡರಿಗೆ) ತಪ್ಪಾಗಿ ಹೋದ ಪತ್ರ ಪಾಪ್ ಬಳಸುವವರ ಕಣ್ಣಿಗೆ ಬೀಳುವುದೇ ಇಲ್ಲ. ಸಂದರ್ಶನದ ಕರೆಗೆ ಕಾಯುತ್ತಿರುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ: ಪಾಪ್ ಇಟ್ಟುಕೊಂಡಿದ್ದರೆ ವಾರಕ್ಕೊಮ್ಮೆಯಾದರೂ ಬ್ರೌಸರಿನಲ್ಲಿ ಒಳಹೊಕ್ಕು ಸ್ಪ್ಯಾಮ್ ನೋಡಿ. ‘ಓದಿದ್ದು’, ‘ಉತ್ತರಿಸಿದ್ದು’ ಎಂಬ ಗುರುತುಗಳೂ ಪಾಪ್‌ನಲ್ಲಿ ಸರ್ವರಿಗೆ ಹೋಗುವುದಿಲ್ಲ. ಇನ್ನು ಒಬ್ಬರು ಒಳಗಿರುವಾಗ ಪಾಪ್ ಪೆಟ್ಟಿಗೆಗೆ ಬೀಗ ಹಾಕುತ್ತದೆ. ಅದೇ ಹೊತ್ತಿಗೆ ಎರಡನೆಯ ಯಂತ್ರ ಬಂದರೆ ದೋಷ ಸಂದೇಶ ಕೊಟ್ಟು ಹಿಂದೆ ಕಳಿಸುತ್ತದೆ.

ಐಮ್ಯಾಪ್ ಏನು ಮಾಡುತ್ತದೆ

ಐಮ್ಯಾಪ್ ಪಾಪ್‌ಗಿಂತ ಬಹಳ ಹೊಸದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅದನ್ನು ರೂಪಿಸಿದ್ದು 1986ರಲ್ಲಿ. ನಾಲ್ಕನೆಯ ಆವೃತ್ತಿ 1994ರ ಕೊನೆಗೆ ಬಂತು. ಇವತ್ತು ಹೆಚ್ಚಿನ ಸರ್ವರುಗಳು ಅನುಸರಿಸುವ ರೂಪ 2003ರದು. ಅದನ್ನು ಪರಿಷ್ಕರಿಸಿದ್ದು 2021ರಲ್ಲಿ. ವಯಸ್ಸಿನಲ್ಲಿ ಎರಡೂ ಹೆಚ್ಚು ಕಡಿಮೆ ಓರಗೆಯವೇ, ನಂಬಿಕೆ ಬೇರೆ. ಪತ್ರ ಸರ್ವರಿನಲ್ಲೇ ಇರಲಿ, ಯಾವ ಯಂತ್ರದಿಂದ ಬಂದರೂ ಅದೇ ಕಾಣಲಿ ಎಂಬುದು ಐಮ್ಯಾಪ್‌ನ ನಿಲುವು.

ಸಂಘದ ಕಚೇರಿಯ ಮೇಜಿನ ಮೇಲಿರುವ ನಡಾವಳಿ ಪುಸ್ತಕದ ಹಾಗೆ ಎಂದುಕೊಳ್ಳಿ. ಅಧ್ಯಕ್ಷರು ಬಂದು ತೆರೆದರೂ ಕಾರ್ಯದರ್ಶಿ ಬಂದು ತೆರೆದರೂ ಪುಟ ಅದೇ. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರಿಗೂ ಕಾಣುತ್ತದೆ; ಒಬ್ಬರು ಹಾಳೆ ಹರಿದರೆ ಎಲ್ಲರಿಗೂ ಹೋಯಿತು.

ಆ ಕೊನೆಯ ಮಾತನ್ನು ಸ್ವಲ್ಪ ಬಿಡಿಸಬೇಕು. ‘ಐಮ್ಯಾಪ್ ಹಾಕಿದ್ದೇನೆ, ಹಾಗಾಗಿ ಮೇಲ್ ಸೇಫ್ ಇದೆ’ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇನೆ. ಐಮ್ಯಾಪ್ ಎಂದರೆ ಬ್ಯಾಕಪ್ ಅಲ್ಲ. ಅದು ಎಲ್ಲ ಯಂತ್ರಗಳನ್ನು ಒಂದೇ ಸ್ಥಿತಿಯಲ್ಲಿ ಇಡುತ್ತದೆ, ಅಳಿಸುವಿಕೆಯೂ ಅದರಲ್ಲಿ ಸೇರಿದೆ. ಮಗು ಫೋನಿನಲ್ಲಿ ಆಡುತ್ತಾ ಒಂದು ಕಡತ ಅಳಿಸಿದರೆ ಮನೆಯ ಲ್ಯಾಪ್‌ಟಾಪಿನಲ್ಲೂ ಅದು ಮಾಯವಾಗುತ್ತದೆ. ಗುಪ್ತಪದ ಕದ್ದವನು ಪೆಟ್ಟಿಗೆ ಖಾಲಿಮಾಡಿದರೂ ಹಾಗೆಯೇ. ಖಾತೆಯೇ ಮುಚ್ಚಿಹೋದರೆ? ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ತಂದಿತು. ಗಲ್ಫಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಖಾತೆ, ತೀರಿಹೋದ ಹಿರಿಯರ ಖಾತೆ, ಪದಾಧಿಕಾರಿಗಳು ಬದಲಾದಾಗ ಮರೆತುಹೋದ ಸಂಘದ ಖಾತೆ, ಎಲ್ಲಕ್ಕೂ ಈ ಅಪಾಯ ಇದೆ. ಆದ್ದರಿಂದ ಐಮ್ಯಾಪ್ ಆಯ್ದುಕೊಂಡವರು ತಮ್ಮದೇ ಒಂದು ಪ್ರತಿಯನ್ನು ಹೊರಗೆ ಇಡಬೇಕು. ಥಂಡರ್‌ಬರ್ಡ್‌ನಲ್ಲಿ ‘ಲೋಕಲ್ ಫೋಲ್ಡರ್ಸ್’ ಎಂಬ ಜಾಗ ಇದೆ. ವರ್ಷದ ಕೊನೆಗೆ ಆ ವರ್ಷದ ಪತ್ರಗಳನ್ನು ಅಲ್ಲಿಗೆ ನಕಲು ಮಾಡಿ, ಆ ಕಡತವನ್ನು ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಹಾಕಿದರೆ ಸಾಕು. ನಕಲು ಮಾಡಿ ಎಂದೆ. ಎಳೆದು ಸರಿಸಿದರೆ ಸರ್ವರಿನಿಂದ ಹೋಗಿಬಿಡುತ್ತದೆ.

ಐಮ್ಯಾಪ್‌ಗೆ ಎರಡು ಗುಣಗಳಿವೆ, ಇವೆರಡೂ ನನಗೆ ತುಂಬ ಮೆಚ್ಚು. ಒಂದು, ಪತ್ರವನ್ನು ಬಿಡಿಬಿಡಿಯಾಗಿ ತರಿಸಿಕೊಳ್ಳಬಹುದು. ಮೊದಲು ಕಳಿಸಿದವರ ಹೆಸರು, ವಿಷಯ, ಬೇಕೆಂದರೆ ಬರಹ, ಲಗತ್ತು ಒತ್ತಿದರೆ ಮಾತ್ರ ಲಗತ್ತು. ಇನ್ನೊಂದು, 1997ರಲ್ಲಿ ಸೇರಿಕೊಂಡ ‘ಐಡಲ್’ ಎಂಬ ಸೌಲಭ್ಯ. ಹೊಸ ಪತ್ರ ಬಂತೇ ಎಂದು ಹತ್ತು ನಿಮಿಷಕ್ಕೊಮ್ಮೆ ಹೋಗಿ ಕೇಳುವ ಬದಲು ನಿಮ್ಮ ಯಂತ್ರ ಸಂಪರ್ಕ ಇಟ್ಟುಕೊಂಡು ಸುಮ್ಮನಿರುತ್ತದೆ. ಪತ್ರ ಬಂದ ಕೂಡಲೇ ಸರ್ವರೇ ಹೇಳುತ್ತದೆ.

ಕನ್ನಡದವರು ಗಮನಿಸಬೇಕಾದ ಸಂಗತಿಯೂ ಇಲ್ಲೇ ಇದೆ. ಐಮ್ಯಾಪ್‌ನ 2003ರ ರೂಪ ಕಡತದ ಹೆಸರುಗಳನ್ನು ನೇರವಾಗಿ ಕನ್ನಡದಲ್ಲಿ ಇಟ್ಟುಕೊಳ್ಳುವುದಿಲ್ಲ. ‘ಅನುದಾನ’ ಎಂದು ಒಂದು ಕಡತ ಮಾಡಿದರೆ ಅದನ್ನು ಆಂಪರ್‌ಸ್ಯಾಂಡ್ (&) ಚಿಹ್ನೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಿಸಿ ಇಡುತ್ತದೆ. ಒಳ್ಳೆಯ ತಂತ್ರಾಂಶ ಅದನ್ನು ಮತ್ತೆ ಕನ್ನಡವಾಗಿ ತೋರಿಸುತ್ತದೆ. ಕೆಲವು ಬ್ಯಾಕಪ್ ಉಪಕರಣಗಳಲ್ಲಿ, ಹೋಸ್ಟಿಂಗ್‌ನವರ (ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಡುವವರ) ಕಡತ ಪಟ್ಟಿಯಲ್ಲಿ ಆ ಅಕ್ಷರಗಳ ಸಾಲೇ ಕಾಣುತ್ತದೆ. ಅದನ್ನು ಕಸವೆಂದು ಅಳಿಸಬೇಡಿ, ಒಳಗೆ ನಿಮ್ಮ ಪತ್ರಗಳಿರುತ್ತವೆ. 2021ರ ಪರಿಷ್ಕರಣೆಯಲ್ಲಿ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಹೆಸರುಗಳಿಗೆ ನೇರ ಜಾಗ ಸಿಕ್ಕಿದೆ, ಎಲ್ಲ ಸರ್ವರುಗಳಿಗೆ ಅದು ಇನ್ನೂ ತಲುಪಬೇಕು. ಪತ್ರದ ಒಳಗಿನ ಕನ್ನಡಕ್ಕೂ ಮಲಯಾಳಕ್ಕೂ ಮಾತ್ರ ಈ ತೊಡಕಿಲ್ಲ. ಪಾಪ್ ಆಗಲಿ ಐಮ್ಯಾಪ್ ಆಗಲಿ ಅಕ್ಷರಗಳನ್ನು ಮುಟ್ಟುವುದಿಲ್ಲ. ಹಳೆಯ ಪತ್ರ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಂಡರೆ ಅದನ್ನು ಹೆಚ್ಚಾಗಿ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದಿರುತ್ತಾರೆ. ಪಾಪ್ ಬಿಟ್ಟು ಐಮ್ಯಾಪ್‌ಗೆ ಹೋದರೂ ಅದು ಸರಿಯಾಗುವುದಿಲ್ಲ.

ಯಾರಿಗೆ ಯಾವುದು

ಒಬ್ಬರೇ, ಒಂದು ಫೋನು, ಒಂದು ಲ್ಯಾಪ್‌ಟಾಪ್: ಐಮ್ಯಾಪ್. ಇದರಲ್ಲಿ ಯೋಚಿಸುವುದಕ್ಕೇನೂ ಇಲ್ಲ. ಮನೆಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ ಅಪರೂಪಕ್ಕೆ ಮೇಲ್ ನೋಡುವ ಹಿರಿಯರಿಗೆ ಇವೆರಡೂ ಬೇಡ, ಬ್ರೌಸರಿನಲ್ಲಿ ನೋಡಿದರೆ ಸಾಕು. ಅಕ್ಷಯ ಕೇಂದ್ರದಲ್ಲೋ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಬೇರೆಯವರ ಕಂಪ್ಯೂಟರಿನಲ್ಲೋ ನೋಡುವವರೂ ಬ್ರೌಸರನ್ನೇ ಬಳಸಿ, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ ಏಳಬೇಕು. ಅಲ್ಲಿ ಪಾಪ್ ಜೋಡಿಸಿದರೆ ನಿಮ್ಮ ಪತ್ರಗಳೆಲ್ಲ ಆ ಯಂತ್ರದಲ್ಲೇ ಉಳಿದುಬಿಡುತ್ತವೆ.

ಸಂಘ ಸಂಸ್ಥೆಗಳ ಮಾತು ಅಷ್ಟು ಸುಲಭವಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ ಮೂವರೂ ಒಂದೇ ಖಾತೆ ನೋಡುವುದು ನಮ್ಮಲ್ಲಿ ರೂಢಿ. ಇಂಥ ಒಂದು ಕಡೆ ಕಾರ್ಯದರ್ಶಿಯಾಗಿದ್ದ ನಿವೃತ್ತ ಮಾಸ್ಟ್ರು ಕೇಳಿದ್ದರು: ‘ಅಲ್ಲ ಮಾರಾಯ್ರೆ, ನನಗೆ ಬಂದ ಪತ್ರ ಅಧ್ಯಕ್ಷರಿಗೆ ಯಾಕೆ ಬರುವುದಿಲ್ಲ? ಖಾತೆ ಒಂದೇ ಅಲ್ವಾ?’ ನೋಡಿದರೆ ಮಾಸ್ಟ್ರ ಮನೆಯ ಕಂಪ್ಯೂಟರಿನಲ್ಲಿ ಪಾಪ್ ಇತ್ತು, ಸರ್ವರಿನಲ್ಲಿ ಪ್ರತಿ ಉಳಿಸುವ ಗುರುತು ಹಾಕಿರಲಿಲ್ಲ. ಯಾರು ಬೆಳಿಗ್ಗೆ ಮೊದಲು ಯಂತ್ರ ತೆರೆಯುತ್ತಾರೋ ಪತ್ರಗಳು ಅವರ ಪಾಲು. ಉಳಿದವರಿಗೆ ಖಾಲಿ ಪೆಟ್ಟಿಗೆ. ಮಾಸ್ಟ್ರು ಯಾವ ಪತ್ರವನ್ನೂ ಅಳಿಸಿದವರಲ್ಲ, ಎಲ್ಲವೂ ಅವರ ಯಂತ್ರದಲ್ಲಿ ಅಚ್ಚುಕಟ್ಟಾಗಿ ಇದ್ದವು. ಅಷ್ಟರಲ್ಲಿ ಒಬ್ಬರಿಗೊಬ್ಬರ ಮೇಲೆ ಅನುಮಾನ ಬಂದು ಹೋಗಿತ್ತು. ಹಂಚಿಕೊಂಡ ಖಾತೆಗೆ ಪಾಪ್ ಬೇಡ ಎಂದು ನಾನು ಖಡಾಖಂಡಿತ ಹೇಳುವುದು ಇದಕ್ಕೇ.

ಅಲ್ಲಿ ಐಮ್ಯಾಪ್ ಹಾಕಿದರೂ ಕೆಲವು ಸಂಗತಿ ನೆನಪಿರಲಿ. ಒಬ್ಬರು ತೆರೆದ ಪತ್ರ ಎಲ್ಲರಿಗೂ ‘ಓದಿದ್ದು’ ಎಂದೇ ಕಾಣುತ್ತದೆ. ಉತ್ತರ ಬರೆಯಬೇಕಾದವರು ಇದು ಆಗಿಹೋದದ್ದೆಂದು ಬಿಟ್ಟುಬಿಡುತ್ತಾರೆ. ಮಾಡಬೇಕಾದ್ದಕ್ಕೆ ನಕ್ಷತ್ರ ಹಾಕುವುದು, ಮುಗಿದ ಮೇಲೆ ತೆಗೆಯುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಜಿಮೇಲ್ ಒಂದು ಖಾತೆಗೆ ಏಕಕಾಲಕ್ಕೆ 15 ಐಮ್ಯಾಪ್ ಸಂಪರ್ಕಗಳನ್ನು ಮಾತ್ರ ಬಿಡುತ್ತದೆ. ಥಂಡರ್‌ಬರ್ಡ್ ಒಂದೇ ಖಾತೆಗೆ ಐದರವರೆಗೆ ಸಂಪರ್ಕ ತೆರೆದಿಟ್ಟುಕೊಳ್ಳುವ ಹಾಗೆ ಬರುತ್ತದೆ. ಮೂರು ಯಂತ್ರಗಳಾದರೆ ಹದಿನೈದು ತುಂಬಿತು. ‘ಸಂಪರ್ಕ ಹೆಚ್ಚಾಯಿತು’ ಎಂಬ ತಪ್ಪು ಬಂದರೆ ಆ ಐದನ್ನು ಎರಡಕ್ಕೆ ಇಳಿಸಿ. ಪದಾಧಿಕಾರಿಗಳು ಬದಲಾದ ದಿನವೇ ಗುಪ್ತಪದವನ್ನೂ ಮರುಪಡೆಯುವ ಫೋನ್ ನಂಬರನ್ನೂ ಬದಲಿಸಿ. ಇದಕ್ಕೂ ಐಮ್ಯಾಪ್‌ಗೂ ಸಂಬಂಧವಿಲ್ಲ, ಆದರೂ ಹೇಳದೆ ಇರಲಾರೆ.

ಈಗ ಪಾಪ್‌ನ ಜಾಗಕ್ಕೆ ಬರೋಣ. ಕುಂಬಳೆಯ ಪೇಟೆಯಲ್ಲೋ ಉಪ್ಪಳದಲ್ಲೋ ಇರುವ ಒಂದು ಅಚ್ಚುಕೂಟ ಎಂದುಕೊಳ್ಳಿ. ಸ್ವಂತ ಡೊಮೈನ್, ಅಗ್ಗದ ಹೋಸ್ಟಿಂಗ್, ಮೇಲ್ ಪೆಟ್ಟಿಗೆಗೆ ಒಂದು ಜಿಬಿ ಜಾಗ. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ತಾಳಮದ್ದಳೆಯ ಕರಪತ್ರ ಎಂದು ದಿನವಿಡೀ ಫೋಟೋ, ಪಿಡಿಎಫ್ ಬರುತ್ತವೆ. ಮೇಲ್‌ನಲ್ಲಿ ಲಗತ್ತು ಹೋಗುವಾಗ ಅದನ್ನು ಅಕ್ಷರಗಳಾಗಿ ಬದಲಿಸುವುದರಿಂದ ಗಾತ್ರ ಮೂರನೆಯ ಒಂದು ಪಾಲು ಹೆಚ್ಚುತ್ತದೆ. 15 ಎಂಬಿಯ ಪಿಡಿಎಫ್ ಪೆಟ್ಟಿಗೆಯಲ್ಲಿ 20 ಎಂಬಿ ಜಾಗ ತಿನ್ನುತ್ತದೆ. ಇಂಥವು ಐವತ್ತು ಬಂದರೆ ಒಂದು ಜಿಬಿ ಮುಗಿಯಿತು. ಪೆಟ್ಟಿಗೆ ತುಂಬಿದ ಮೇಲೆ ಬರುವ ಗಿರಾಕಿಯ ಪತ್ರ ವಾಪಸು ಹೋಗುತ್ತದೆ. ಮದುವೆ ಸೀಸನ್ನಿನಲ್ಲಿ ಹಾಗಾದರೆ ಗಿರಾಕಿ ಪಕ್ಕದ ಪ್ರೆಸ್ಸಿಗೆ ಹೋಗುತ್ತಾರೆ. ಡಿಟಿಪಿ ಮಾಡುವ ಯಂತ್ರ ಒಂದೇ, ಮೇಲ್ ನೋಡುವವರೂ ಒಬ್ಬರೇ ಎಂದಾದರೆ ಪಾಪ್ ಹಾಕಿ, ಪತ್ರಗಳು ಇಳಿಯಲಿ, ಸರ್ವರ್ ಖಾಲಿಯಾಗುತ್ತಿರಲಿ.

ಹಾಗೆ ಹಾಕುವಾಗ ‘ಸರ್ವರಿನಲ್ಲಿ ಪ್ರತಿ ಉಳಿಸು’ ಎಂಬುದಕ್ಕೆ ಗುರುತು ಹಾಕಿ, ಎಷ್ಟು ದಿನ ಎಂಬುದನ್ನೂ ತುಂಬಿ. ಔಟ್‌ಲುಕ್‌ನಲ್ಲಿ ಆ ಜಾಗದಲ್ಲಿ 14 ಎಂದು ಬರೆದಿರುವುದನ್ನು ಕಾಣಬಹುದು. ಅಚ್ಚುಕೂಟಕ್ಕೆ ಅದು ಸಾಕು. ಎರಡು ವಾರದೊಳಗೆ ಯಂತ್ರ ಕೆಟ್ಟರೂ ಇತ್ತೀಚಿನ ಪತ್ರಗಳು ಸರ್ವರಿನಲ್ಲಿ ಸಿಗುತ್ತವೆ. ಮೂಲಪ್ರತಿ ಈಗ ನಿಮ್ಮ ಯಂತ್ರದಲ್ಲಿದೆ, ಆದ್ದರಿಂದ ಅದನ್ನು ಕಾಪಾಡುವ ಹೊಣೆಯೂ ನಿಮ್ಮದೇ. ಸಿಡಿಲಿಗೆ ಹಾರ್ಡ್‌ಡಿಸ್ಕ್ ಹೋಗುವ ಊರು ನಮ್ಮದು. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಇಡಿ. ತಂತಿ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕ್ ಸಿಡಿಲು ಬಡಿದಾಗ ಯಂತ್ರದ ಜೊತೆಗೇ ಹೋಗುತ್ತದೆ.

ವಕೀಲರ ಕಚೇರಿ, ಲೆಕ್ಕಪತ್ರ ನೋಡುವವರ ಕಚೇರಿಗಳಲ್ಲಿ ಕೆಲವರು ಬೇರೆ ಕಾರಣಕ್ಕೆ ಪಾಪ್ ಬಯಸುತ್ತಾರೆ. ಕಕ್ಷಿದಾರರ ಕಾಗದಪತ್ರ ಬೇರೆಯವರ ಸರ್ವರಿನಲ್ಲಿ ವರ್ಷಗಟ್ಟಲೆ ಕೂರುವುದು ಅವರಿಗೆ ಒಪ್ಪಿಗೆಯಾಗುವುದಿಲ್ಲ. ಅದು ನ್ಯಾಯವಾದ ಕಾಳಜಿ. ಆದರೆ ಪಾಪ್‌ನಿಂದ ಇಳಿಸಿ ಅಳಿಸಿದ ಕೂಡಲೇ ಸೇವೆ ಕೊಡುವವರ ಬ್ಯಾಕಪ್‌ಗಳಿಂದಲೂ ಅದು ಹೋಯಿತೆಂದು ತಿಳಿಯಬಾರದು. ಹೊಸ ಔಟ್‌ಲುಕ್ ಬಳಸುವವರು ಇನ್ನೊಂದು ವಿಷಯ ತಿಳಿದಿರಲಿ: ಬೇರೆ ಕಂಪನಿಯ ಐಮ್ಯಾಪ್ ಖಾತೆಯನ್ನು ಅದಕ್ಕೆ ಜೋಡಿಸಿದರೆ ಪತ್ರಗಳ ಪ್ರತಿ ಮೈಕ್ರೋಸಾಫ್ಟ್‌ನ ಕ್ಲೌಡಿಗೂ ಹೋಗುತ್ತದೆ. ಹಾಗೆ ಬೇಡವೆನ್ನುವವರಿಗೆ ಥಂಡರ್‌ಬರ್ಡ್ ಇದೆ. ಅದು ನೇರವಾಗಿ ನಿಮ್ಮ ಸರ್ವರಿನೊಡನೆ ಮಾತಾಡುತ್ತದೆ.

ರೇಂಜ್ ಇಲ್ಲದ ಊರಿನವರಿಗೆ

ದೇಲಂಪಾಡಿ, ಬೆಳ್ಳೂರು ಕಡೆಯ ಗುಡ್ಡದ ಸಂದಿನ ಮನೆಗಳಲ್ಲಿ ಅಂಗಳದ ಮೂಲೆಗೆ ಬಂದರೆ ರೇಂಜ್, ಚಾವಡಿಗೆ ಹೋದರೆ ಇಲ್ಲ. ಅಲ್ಲಿನವರು ಪಾಪ್ ಒಳ್ಳೆಯದಲ್ಲವೇ, ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡವಲ್ಲ ಎಂದು ಕೇಳುತ್ತಾರೆ. ಪಾಪ್ ಹಾಗೆ ಮಾಡುತ್ತದೆ, ನಿಜ. ಐಮ್ಯಾಪ್ ಕೂಡ ಮಾಡುತ್ತದೆ. ಥಂಡರ್‌ಬರ್ಡ್‌ನ ಖಾತೆ ಸೆಟ್ಟಿಂಗಿನಲ್ಲಿ ಪತ್ರಗಳ ಪ್ರತಿಯನ್ನು ಈ ಕಂಪ್ಯೂಟರಿನಲ್ಲಿ ಇಡು ಎಂಬ ಗುರುತು ಇದ್ದರೆ, ನೆಟ್ ಇರುವಾಗ ಇಳಿದದ್ದನ್ನು ಆಮೇಲೆ ನೆಟ್ ಇಲ್ಲದೆಯೇ ಓದಬಹುದು.

ನಿಜವಾದ ವ್ಯತ್ಯಾಸ ಕಾಣುವುದು ರೇಂಜ್ ಇದ್ದೂ ಇಲ್ಲದಂತೆ ಇರುವಾಗ. ಯಾರೋ ಮೊಮ್ಮಗುವಿನ ಅನ್ನಪ್ರಾಶನದ ಫೋಟೋಗಳನ್ನು ಒಂದೇ ಪತ್ರದಲ್ಲಿ 18 ಎಂಬಿ ಕಳಿಸಿದ್ದಾರೆ, ಅದರ ಹಿಂದೆ ಬ್ಯಾಂಕಿನಿಂದ ಎರಡು ಸಾಲಿನ ಪತ್ರ ಬಂದಿದೆ. ಸಾಮಾನ್ಯವಾಗಿ ಜೋಡಿಸಿದ ಪಾಪ್‌ನಲ್ಲಿ ಫೋಟೋ ಪೂರ್ತಿ ಇಳಿಯುವವರೆಗೆ ಬ್ಯಾಂಕಿನ ಪತ್ರ ಕಾಯಬೇಕು. ಮಧ್ಯೆ ಸಂಪರ್ಕ ಕಡಿದರೆ ಆ ಪತ್ರವನ್ನು ಮೊದಲಿನಿಂದ ಇಳಿಸಬೇಕು. ಐಮ್ಯಾಪ್‌ನಲ್ಲಿ ಎರಡರ ವಿಷಯವೂ ಕ್ಷಣದಲ್ಲಿ ಕಾಣುತ್ತದೆ. ಬ್ಯಾಂಕಿನದು ಓದಿ, ಫೋಟೋವನ್ನು ಪೇಟೆಗೆ ಹೋದಾಗ ನೋಡಬಹುದು. ಅದಕ್ಕೆ ಒಂದು ಸೆಟ್ಟಿಂಗ್ ಸರಿಯಿರಬೇಕು. ಫೋನಿನ ಮೇಲ್ ಆ್ಯಪಿನಲ್ಲಿ ಲಗತ್ತುಗಳನ್ನು ತಾನಾಗಿ ಇಳಿಸುವ ಆಯ್ಕೆ ಇದ್ದರೆ ವೈಫೈ ಇರುವಾಗ ಮಾತ್ರ ಎಂದು ಇಡಿ. ಹಾಗಾಗಿ ರೇಂಜ್ ಕಡಿಮೆ ಇರುವ ಊರಿಗೇ ಐಮ್ಯಾಪ್ ಹೆಚ್ಚು ಸಲ್ಲುತ್ತದೆ ಎಂದು ನನ್ನ ಖಚಿತ ಅಭಿಪ್ರಾಯ.

ತಲಪಾಡಿಯ ಗಡಿ ದಾಟಿ ದಿನಾ ಮಂಗಳೂರಿಗೆ ಕಾಲೇಜಿಗೋ ಕೆಲಸಕ್ಕೋ ಹೋಗಿಬರುವವರ ಫೋನ್ ದಾರಿಯಲ್ಲಿ ಟವರ್ ಬದಲಿಸುತ್ತದೆ. ಆಗ ಐಡಲ್ ಸಂಪರ್ಕ ಕಡಿದು ಹೊಸ ಪತ್ರ ಕಾಣಲು ಸ್ವಲ್ಪ ತಡವಾಗಬಹುದು. ಪರದೆಯನ್ನು ಬೆರಳಿನಿಂದ ಕೆಳಗೆ ಎಳೆದು ಬಿಟ್ಟರೆ ಬರುತ್ತದೆ.

ಉಳಿದ ಎರಡು ಹೆಸರುಗಳು

ಕಂಪನಿ ಕೆಲಸದಲ್ಲಿರುವವರ ಫೋನಿನಲ್ಲಿ ‘ಎಕ್ಸ್‌ಚೇಂಜ್’ ಎಂಬ ಆಯ್ಕೆ ಕಾಣುತ್ತದೆ. ಅದು ಮೈಕ್ರೋಸಾಫ್ಟ್‌ನದು, ಮೇಲ್ ಜೊತೆಗೆ ಕ್ಯಾಲೆಂಡರ್, ವಿಳಾಸಪಟ್ಟಿಯೂ ಹೊಂದಿಕೊಂಡು ಬರುತ್ತವೆ. ಐಮ್ಯಾಪ್ ಮೇಲ್ ಒಂದನ್ನೇ ತರುತ್ತದೆ. ಕಚೇರಿಯವರು ಎಕ್ಸ್‌ಚೇಂಜ್ ಕೊಟ್ಟಿದ್ದರೆ ಅದನ್ನೇ ಬಳಸಿ. ಜೆಮ್ಯಾಪ್ ಎಂಬುದು 2019ರಲ್ಲಿ ಮಾನದಂಡವಾದ ಹೊಸ ವಿಧಾನ. ಫೋನಿಗೆ ಹಗುರ, ಸಂಪರ್ಕ ಕಡಿದು ಬಂದಾಗ ಬದಲಾದದ್ದನ್ನಷ್ಟೇ ಚುರುಕಾಗಿ ಕೇಳುತ್ತದೆ. ಅದನ್ನು ರೂಪಿಸುವುದರಲ್ಲಿ ಮುಂದಿದ್ದದ್ದು ಫಾಸ್ಟ್‌ಮೇಲ್. ಜಿಮೇಲ್ ಅದನ್ನು ಕೊಡುತ್ತಿಲ್ಲ, ಹಾಗಾಗಿ ಸದ್ಯ ನಮ್ಮಲ್ಲಿ ಹೆಚ್ಚಿನವರಿಗೆ ಅದು ಆಯ್ಕೆಯ ಪಟ್ಟಿಯಲ್ಲೇ ಇಲ್ಲ.

ಜೋಡಿಸುವಾಗ

ಯಾವುದನ್ನು ಆಯ್ದರೂ ಗೂಢಲಿಪೀಕರಣವಿರುವ (ಎನ್‌ಕ್ರಿಪ್ಶನ್ ಇರುವ) ಬಾಗಿಲನ್ನೇ ಬಳಸಿ. ಐಮ್ಯಾಪ್‌ಗೆ ಪೋರ್ಟ್ 993, ಪಾಪ್‌ಗೆ 995. ಹಳೆಯ 143, 110ರಲ್ಲಿ ಗೂಢಲಿಪೀಕರಣವನ್ನು ಬೇರೆಯಾಗಿ ಆನ್ ಮಾಡದಿದ್ದರೆ ಗುಪ್ತಪದ ಬಟ್ಟಬಯಲಾಗಿ ಹೋಗುತ್ತದೆ. ರೈಲು ನಿಲ್ದಾಣದ ವೈಫೈಯಲ್ಲಿ ಯಾರು ಬೇಕಾದರೂ ಹಿಡಿಯಬಹುದು. ಇವೆರಡೂ ಬಂದ ಪತ್ರ ತರುವ ವಿಧಾನಗಳು ಮಾತ್ರ. ಪತ್ರ ಕಳಿಸುವುದು ಎಸ್‌ಎಂಟಿಪಿಯ ಕೆಲಸ, ಅದಕ್ಕೆ 465 ಅಥವಾ 587. ಪತ್ರ ಬರುತ್ತದೆ, ಹೋಗುವುದಿಲ್ಲ ಎಂದಾದರೆ ಐಮ್ಯಾಪ್ ಕೆದಕಬೇಡಿ, ಎಸ್‌ಎಂಟಿಪಿ ನೋಡಿ.

ಜಿಮೇಲ್‌ನ ಮಾಮೂಲಿ ಗುಪ್ತಪದವನ್ನು ಹಳೆಯ ತಂತ್ರಾಂಶಕ್ಕೆ ಕೊಟ್ಟರೆ ಅದು ಒಪ್ಪುವುದಿಲ್ಲ. ಹೊಸ ತಂತ್ರಾಂಶಗಳಲ್ಲಿ ಗೂಗಲ್‌ನ ಪುಟವೇ ತೆರೆದು ಅಲ್ಲಿ ಒಪ್ಪಿಗೆ ಕೇಳುತ್ತದೆ. ಹಾಗೆ ಮಾಡಲಾಗದ ಹಳೆಯ ತಂತ್ರಾಂಶವಾದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಹಾಕಬೇಕು. ಬೇರೆ ಖಾತೆಯ ಪತ್ರಗಳನ್ನು ಪಾಪ್ ಮೂಲಕ ಜಿಮೇಲ್ ಒಳಗೇ ತರಿಸಿಕೊಳ್ಳುವ ರೂಢಿ ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಬಹಳ ಇತ್ತು. ಆ ಸೌಲಭ್ಯವನ್ನು 2026ರಲ್ಲಿ ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದೆ. ಅದನ್ನು ನಂಬಿದ್ದವರು ತಮ್ಮ ಡೊಮೈನಿನ ಪೆಟ್ಟಿಗೆಯನ್ನು ಐಮ್ಯಾಪ್‌ನಲ್ಲಿ ನೇರವಾಗಿ ಫೋನಿಗೆ ಜೋಡಿಸಿಕೊಳ್ಳಲಿ, ಇಲ್ಲವೇ ಹೋಸ್ಟಿಂಗ್‌ನವರ ಕಡೆಯಿಂದ ಜಿಮೇಲ್‌ಗೆ ಫಾರ್ವರ್ಡ್ ಮಾಡಿಸಿಕೊಳ್ಳಲಿ. ಈಗಾಗಲೇ ಜಿಮೇಲ್ ಒಳಗೆ ಬಂದಿರುವ ಪತ್ರಗಳು ಅಲ್ಲೇ ಉಳಿಯುತ್ತವೆ.

ಪಾಪ್‌ನಿಂದ ಐಮ್ಯಾಪ್‌ಗೆ ಬದಲಾಗುವವರು ಆತುರಪಡಬೇಡಿ. ಥಂಡರ್‌ಬರ್ಡ್‌ನಲ್ಲಿ ಇರುವ ಪಾಪ್ ಖಾತೆಯನ್ನೇ ತಿರುಗಿಸಿ ಐಮ್ಯಾಪ್ ಮಾಡಲು ಬರುವುದಿಲ್ಲ. ಮೊದಲು ಆ ಯಂತ್ರದ ಪ್ರೊಫೈಲ್ ಕಡತವನ್ನು (ಥಂಡರ್‌ಬರ್ಡ್ ಪತ್ರ, ಸೆಟ್ಟಿಂಗ್ ಎಲ್ಲ ಇಡುವ ಫೋಲ್ಡರನ್ನು) ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಪಾಪ್ ಖಾತೆಯಲ್ಲಿ ಪತ್ರಗಳನ್ನು ತಾನಾಗಿ ತರುವುದನ್ನು ನಿಲ್ಲಿಸಿ. ಆಮೇಲೆ ಅದೇ ವಿಳಾಸವನ್ನು ಹೊಸ ಐಮ್ಯಾಪ್ ಖಾತೆಯಾಗಿ ಪಕ್ಕದಲ್ಲಿ ಸೇರಿಸಿ. ಹಳೆಯ ಪತ್ರಗಳನ್ನು ವರ್ಷವಾರು ಕಡತಗಳಾಗಿ ಸರ್ವರಿಗೆ ನಕಲು ಮಾಡುತ್ತ ಹೋಗಿ, ಕಳಿಸಿದ ಪತ್ರಗಳನ್ನು ಮರೆಯಬೇಡಿ. ಜಿಮೇಲ್ ಆದರೆ ಐಮ್ಯಾಪ್ ಮೂಲಕ ದಿನಕ್ಕೆ 500 ಎಂಬಿಯಷ್ಟು ಮಾತ್ರ ಏರಿಸಲು ಬಿಡುತ್ತದೆ, ಆದ್ದರಿಂದ ಹತ್ತು ವರ್ಷದ ಪತ್ರ ಒಂದೇ ರಾತ್ರಿಯಲ್ಲಿ ಹೋಗುವುದಿಲ್ಲ. ಉಚಿತ ಖಾತೆಯ 15 ಜಿಬಿಯಲ್ಲಿ ಗೂಗಲ್ ಡ್ರೈವ್, ಫೋಟೋಸ್ ಕೂಡ ಸೇರಿವೆ. ಜಾಗ ಎಷ್ಟು ಉಳಿದಿದೆ ಎಂದು ಮೊದಲೇ ನೋಡಿಕೊಳ್ಳಿ. ಪ್ರತಿ ಕಡತದಲ್ಲಿ ಇಲ್ಲಿ ಎಷ್ಟು ಪತ್ರ, ಅಲ್ಲಿ ಎಷ್ಟು ಪತ್ರ ಎಂದು ಎಣಿಕೆ ಹೋಲಿಸಿ. ಫೋನಿನಲ್ಲಿ ಅಥವಾ ಬ್ರೌಸರಿನಲ್ಲಿ ಅತ್ಯಂತ ಹಳೆಯ ಪತ್ರವೊಂದನ್ನು ಲಗತ್ತಿನ ಸಮೇತ ತೆರೆದು ನೋಡಿ. ಅದು ಸರಿಯಾಗಿ ತೆರೆದರೆ ಪಾಪ್ ಖಾತೆಯನ್ನು ತೆಗೆಯಬಹುದು. ಹೊರಗಿನ ಡಿಸ್ಕಿನಲ್ಲಿರುವ ಪ್ರತಿಯನ್ನು ಮಾತ್ರ ತೆಗೆಯಬೇಡಿ.